ಭಾಸ್ಕರನ ಹೆರಿಟೇಜ್ ಗೋಡೆ

ಕೇಣಿಯ ಭಾಸ್ಕರ ಹರಿಕಂತ್ರನಿಗೆ ಗೋಡೆಯ ವಿಷಯದಲ್ಲಿ ಅವಮಾನವಾದದ್ದು ಜೂನ್ ತಿಂಗಳ ಒಂದು ಭಾನುವಾರ, ಕಾರವಾರದಲ್ಲಿ, ಇಪ್ಪತ್ತೈದು ಜನ ನೆಂಟರ ಎದುರು.

ಭಾಸ್ಕರನಿಗೆ ನಲವತ್ತೇಳು ವಯಸ್ಸು. ಕಾರವಾರದ ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ಅಂಕೋಲೆಯಲ್ಲಿ ಬಸ್ಸು ಹತ್ತಿ ಹೋಗಿ, ಬಂದ ಕಾಗದಕ್ಕೆ ಬಂದ ಠಸ್ಸೆ, ಹೋಗುವ ಕಾಗದಕ್ಕೆ ಹೋಗುವ ಠಸ್ಸೆ ಒತ್ತಿ, ಸಂಜೆ ಮತ್ತೆ ಬಸ್ಸು ಹತ್ತಿ ಬರುವ ಮನುಷ್ಯ. ಇಪ್ಪತ್ತು ವರ್ಷಗಳಲ್ಲಿ ಎರಡು ಠಸ್ಸೆ ಅದಲುಬದಲಾದದ್ದು ಆರೇಳು ಸಲ ಮಾತ್ರ ಎಂದು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಆದರೆ ಮನೆಯಲ್ಲಿ ಅವನು ಕೈಹಾಕಿದ ರಿಪೇರಿ ಯಾವುದೂ ಸರಿಹೋದ ದಾಖಲೆಯಿಲ್ಲ. ಅವನು ಹೊಡೆದ ಮೊಳೆಗೆ ಕ್ಯಾಲೆಂಡರು ತೂಗುಹಾಕಿದರೆ ಮೊಳೆಯೂ ಕ್ಯಾಲೆಂಡರೂ ಜೊತೆಯಾಗಿಯೇ ಕೆಳಗಿಳಿಯುತ್ತಿದ್ದವು.

ಆ ಭಾನುವಾರ ಹೆಂಡತಿ ಮಂಗಲಾಳ ತಂಗಿ ಪ್ರಗತಿಯ ಹೊಸ ಫ್ಲಾಟಿನ ಊಟ. ಪ್ರಗತಿಯ ಗಂಡ ರೋಷನನಿಗೆ ನೌಕಾನೆಲೆಯಲ್ಲಿ ಕೆಲಸ. ಎಲ್ಲವೂ ಹೊಳೆಯುತ್ತಿದ್ದ ಆ ಮನೆಯಲ್ಲಿ ಹಾಲ್‌ನ ಒಂದು ಗೋಡೆ ಮಾತ್ರ ಬರೀ ಸಿಮೆಂಟಿನ ಬೂದು ಬಣ್ಣದಲ್ಲಿ, ಅಲ್ಲಲ್ಲಿ ಕಲೆಯಾಗಿ, ನಾಲ್ಕು ತೂತು ಸಮೇತ ನಿಂತಿತ್ತು. ಭಾಸ್ಕರನಿಗೆ ಕನಿಕರ ಉಕ್ಕಿತು. ಷಡ್ಡಕನ ಕಷ್ಟಕ್ಕೆ ಆಗದಿದ್ದರೆ ನೆಂಟಸ್ತಿಕೆ ಯಾಕೆ ಎಂದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ರೋಷನಾ, ಗೌಂಡಿ ಅರ್ಧಕ್ಕೇ ಬಿಟ್ಟು ಹೋದ್ನಾ? ನೀ ಎಂತಾ ಹೆದರೂದು ಬ್ಯಾಡ. ನಮ್ಮ ಕೇಣೀಲಿ ಒಬ್ಬ ಒಳ್ಳೆ ಗೌಂಡಿ ಇದ್ದ. ನಾಳೆನೇ ಕಳಸ್ತೆ. ಒಂದೇ ದಿನದಲ್ಲಿ ಪ್ಲಾಸ್ಟರ್ ಮುಗಸ್ತ."

ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

"ಭಾವ, ಇದು ಕಾಂಕ್ರೀಟ್ ಫಿನಿಷ್," ಎಂದ ರೋಷನ, ತಾಳ್ಮೆಯಿಂದ. "ಪ್ಲಾಸ್ಟರ್ ಮಾಡಿ, ಅದ್ರ ಮೇಲೆ ಪುಟ್ಟಿ ಹಾಕಿ, ಪುಟ್ಟಿ ಮೇಲೆ ಇದನ್ನ ಮಾಡೂದು. ಗೋವಾದಿಂದ ಜನ ಬಂದಿದ್ರು."

"ಚಲೋ ಗೋಡೆ ಕಟ್ಟಿ, ಮತ್ತೆ ಅದು ಚಲೋ ಇಲ್ಲ ಅಂತ ಕಾಣೂ ಹಾಂಗೆ ಮಾಡೂದಾ?"

"ಬಿಡಿ, ಭಾವಂಗೆ ಇದೆಲ್ಲ ತಿಳೂದಿಲ್ಲ," ಎಂದು ಪ್ರಗತಿ ಹೋಳಿಗೆ ಬಡಿಸುತ್ತ ಮುಂದೆ ಹೋದಳು.

ವಾಪಸು ಬರುವಾಗ ಬಸ್ಸು ಅರ್ಧ ದಾರಿ ಕಳೆದ ಮೇಲೆ ಭಾಸ್ಕರ ಹೆಂಡತಿಯನ್ನು ಕೇಳಿದ.

"ಚೌತಿಗೆ ಅವ್ರು ನಮ್ಮನೆಗೆ ಬತ್ರು ಅಲ್ದಾ?"

"ಬತ್ರು."

"ಬರ್ಲಿ."

ಮಂಗಲಾ ಅವನ ಮುಖ ನೋಡಿದಳು. ಹಿಂದೊಮ್ಮೆ ಅವನು ಇದೇ ದನಿಯಲ್ಲಿ "ಆಗ್ಲಿ" ಎಂದು ಹೇಳಿ ಬಾವಿಯ ಪಂಪು ಬಿಚ್ಚಿದ್ದ. ಆ ಬೇಸಿಗೆಯಿಡೀ ಅವರು ಪಕ್ಕದ ಮನೆಯಿಂದ ನೀರು ಹೊತ್ತಿದ್ದರು.

ಮರುದಿನದಿಂದ ಭಾಸ್ಕರ ಬಸ್ಸಿನಲ್ಲಿ ಹೋಗುವಾಗ, ಬರುವಾಗ ಫೋನಿನಲ್ಲಿ ಗೋಡೆಗಳನ್ನೇ ನೋಡತೊಡಗಿದ. ವಾರ ಕಳೆಯುವಷ್ಟರಲ್ಲಿ ಅವನಿಗೆ ತಿಳಿದದ್ದೇನೆಂದರೆ, ಬಣ್ಣದ ಕೆಲಸದಲ್ಲಿ ಬಳಿಯುವುದು ಸ್ವಲ್ಪ, ಕಾಯುವುದೇ ಬಹಳ. ಹಳೆ ಸುಣ್ಣ ಕೆರೆದು ಒರೆಸಿ ಕಾಯಬೇಕು, ಪ್ರೈಮರ್ ಹಚ್ಚಿ ಕಾಯಬೇಕು, ಪುಟ್ಟಿ ಹಚ್ಚಿ ಕಾಯಬೇಕು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಧೂಳು ಕೂರುವವರೆಗೂ ಕಾಯಬೇಕು. ಅವಸರ ಮಾಡಿದವನ ಗೋಡೆ ಮೂರು ತಿಂಗಳಿಗೆ ಸುಲಿಯುತ್ತದೆ. ಟಪಾಲು ವಿಭಾಗದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ತನ್ನ ಸ್ವಭಾವಕ್ಕೆ ಹೊಂದುವ ಕೆಲಸವೊಂದು ಸಿಕ್ಕಿದೆ ಎಂದು ಅವನಿಗನ್ನಿಸಿತು.

ಯಾವ ಫಿನಿಷ್ ಮಾಡುವುದು ಎಂಬುದಕ್ಕೂ ಉತ್ತರ ಸಿಕ್ಕಿತು. ಕಾಂಕ್ರೀಟ್ ಫಿನಿಷನ್ನು ಮೀರಿಸುವ ಒಂದೇ ಒಂದು ಫಿನಿಷ್ ಇತ್ತು. ಅದರ ಹೆಸರು ಹೆರಿಟೇಜ್ ಫಿನಿಷ್. ಹೊಚ್ಚಹೊಸ ಗೋಡೆ ಇನ್ನೂರು ವರ್ಷ ಹಳೆಯ ಅರಮನೆಯ ಗೋಡೆಯಂತೆ ಕಾಣಬೇಕು. ಬಣ್ಣ ಬಿರಿದಿರಬೇಕು, ಪ್ಲಾಸ್ಟರ್ ಉದುರಿ ಒಳಗಿನ ಕಲ್ಲು ಇಣುಕಬೇಕು. 'ಮೊದಲು ನಿಮ್ಮ ಊರಿನಲ್ಲಿ ಒಂದು ಒಳ್ಳೆಯ ಮಾದರಿ ಹುಡುಕಿಕೊಳ್ಳಿ' ಎಂದಿದ್ದ ವಿಡಿಯೋದವನು.

ಮಾದರಿ ಸಿಕ್ಕಿದ್ದು ಊರಿನ ಆಚೆ ತುದಿಯಲ್ಲಿ, ಗದ್ದೆಯ ಅಂಚಿಗಿದ್ದ ಹುಲಿಯಾ ಗೌಡನ ಮನೆಯಲ್ಲಿ. ಹುಲಿಯಾ ಮತ್ತು ಅವನ ಹೆಂಡತಿ ಗಂಗಿ ತರಕಾರಿ ಬೆಳೆದು ಅಂಕೋಲೆಯ ಪೇಟೆಗೆ ಹೊರುವವರು. ಅವರ ಮಣ್ಣಿನ ಗೋಡೆಯಲ್ಲಿ ಮಾಡಿನಿಂದ ಕಿಟಕಿಯವರೆಗೆ ಒಂದು ಓರೆ ಬಿರುಕು ಇಳಿದಿತ್ತು. ಭಾಸ್ಕರ ಕೊಡೆ ಹಿಡಿದು ಅದರೆದುರು ಹತ್ತು ನಿಮಿಷ ನಿಂತ, ನಾಲ್ಕು ಫೋಟೋ ತೆಗೆದ.

"ಎಂತಾ ನೋಡ್ತೆ ತಮಾ?" ಎಂದು ಗಂಗಿ ಬಾಗಿಲಿಗೆ ಬಂದು ಕೇಳಿದಳು.

"ಚಂದ ಅದೆ," ಎಂದ ಭಾಸ್ಕರ. ಮನಸ್ಸಿನಲ್ಲಿದ್ದದ್ದು ಅಷ್ಟೇ.

ಚೌತಿಗೆ ಮೊದಲು ಮನೆಗೆ ಬಣ್ಣ ಬಳಿಯುವುದು ಊರಿನಲ್ಲಿ ಎಲ್ಲರೂ ಮಾಡುವ ಕೆಲಸವಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಜಗಲಿಯ ಗೋಡೆಯನ್ನು ಭಾಸ್ಕರ ಹಳೆ ಸೀರೆಗಳಿಂದ ಮರೆಮಾಡಿ, ಏಳು ವಾರ, ಪ್ರತಿ ಶನಿವಾರ ಸಂಜೆ ಮತ್ತು ಭಾನುವಾರವಿಡೀ ಒಳಗೆ ಕೂತ. ಮಳೆಗಾಲದ ಪುಟ್ಟಿ ಒಣಗುವುದಿಲ್ಲವೆಂದು ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಇಟ್ಟ.

"ಎಪ್ಪತ್ತೆಂಟು ವರ್ಷದ ನಂಗೆ ಫ್ಯಾನಿಲ್ಲ, ಗೋಡೆಗೆ ಫ್ಯಾನು," ಎಂದಳು ಅವನ ತಾಯಿ ದೇವಿ. "ಅದ್ಕೆ ಜ್ವರ ಬಂದದ್ಯಾ?"

ಭಾಸ್ಕರ ಕಪ್ಪು ಮಿಶ್ರಿತ ಕಂದು ಬಣ್ಣ ಬಳಿದು ಒಣಗಿಸಿದ. ಅದರ ಮೇಲೆ ಬಡಗಿಗಳ ಬಿಳಿ ಗೋಂದು ಹಚ್ಚಿ, ಬೆರಳಿಟ್ಟರೆ ಅಂಟುವ ಹದಕ್ಕೆ ಬಂದಾಗ ಮೇಲಿಂದ ಹಳದಿ ಬಣ್ಣವನ್ನು ಒಂದೇ ದಿಕ್ಕಿಗೆ ಎಳೆದ. ಅರ್ಧ ಗಂಟೆಯಲ್ಲಿ ಬಣ್ಣ ಮೀನಿನ ಹುರುಪೆಯಂತೆ ಬಿರಿದು ನಿಂತಿತು. ಒಂದು ಕಡೆ ಪುಟ್ಟಿ ಕೊರೆದು, ಕೆಮ್ಮಣ್ಣಿನ ಬಣ್ಣದಲ್ಲಿ ಸ್ಪಂಜು ಅದ್ದಿ ಒತ್ತಿ, ಒಳಗಿನ ಚಿರೆಕಲ್ಲು ಕಾಣಿಸುವ ಹಾಗೆ ಮಾಡಿದ. ಆ ಗೋಡೆ ನಿಜಕ್ಕೂ ಚಿರೆಕಲ್ಲಿನದೇ. ಚಿರೆಕಲ್ಲಿನ ಮೇಲೆ ಪ್ಲಾಸ್ಟರ್, ಪ್ಲಾಸ್ಟರಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಮತ್ತೆ ಚಿರೆಕಲ್ಲು ಬಂದು ಕೂತಿತು. ಮಾಡಿನಿಂದ ನೀರು ಇಳಿದ ಗುರುತಿಗೆ ಚಹಾದ ಕಷಾಯ ಸುರಿದ. ಕೊನೆಗೆ ಗಂಗಿಯ ಗೋಡೆಯ ಫೋಟೋ ಎದುರಿಟ್ಟುಕೊಂಡು ಆ ಓರೆ ಬಿರುಕನ್ನು ಚಾಕುವಿನಿಂದ ಕೊರೆದು, ಸಣ್ಣ ಕುಂಚದಿಂದ ಕಪ್ಪು ತುಂಬಿ, ಅಂಚಿಗೆ ನೆರಳು ಕೊಟ್ಟ.

ಚೌತಿಗೆ ಹನ್ನೆರಡು ದಿನ ಇರುವಾಗ ಸೀರೆಗಳನ್ನು ಬಿಚ್ಚಿದ. ಗೋಡೆ ಈಗಲೋ ಆಗಲೋ ಬೀಳುವಂತಿತ್ತು. ಭಾಸ್ಕರ ಅಂಗಳಕ್ಕಿಳಿದು ಮಳೆಯಲ್ಲೇ ನಿಂತು ನೋಡಿದ. ಒಂದೇ ಒಂದು ತಪ್ಪಿಲ್ಲ. ಕಣ್ಣು ಒದ್ದೆಯಾಯಿತು. ಅವನ ಹಣೆಬರಹದ ಸೊಗಸು ಎಂಥದ್ದು ನೋಡಿ: ಹುಟ್ಟಿದಂದಿನಿಂದ ಅವನ ಕೈಯಲ್ಲಿ ಪೂರ್ತಿ ಸರಿಯಾಗಿ ಮುಗಿದ ಕೆಲಸ ಇದೊಂದೇ, ಆ ಸರಿಯೇ ಎಡವಟ್ಟಾಯಿತು.

ಮೊದಲು ನೋಡಿದವನು ಪಕ್ಕದ ಮನೆಯ ಬಾಬು. ದೋಣಿಯಿಂದ ಬಂದವನು ಬುಟ್ಟಿ ಹಿಡಿದುಕೊಂಡೇ ಬೇಲಿಯ ಹತ್ತಿರ ನಿಂತುಬಿಟ್ಟ.

"ಭಾಸ್ಕರಾ, ಇದು ಯಾವಾಗ ಆತು?"

"ಇವತ್ತೇ ಮುಗೀತು ಬಾಬಣ್ಣ. ಹೆರಿಟೇಜ್."

"ಗೊತ್ತಾಗ್ತದೆ ಮಾರಾಯಾ, ಕಾಣ್ತದೆ ಡ್ಯಾಮೇಜು. ನೀ ಸ್ವಲ್ಪ ಈಚಿಗೆ ಬಾ."

"ಡ್ಯಾಮೇಜ್ ಅಲ್ಲ, ಹೆರಿಟೇಜು. ನಾನೇ ಮಾಡದ್ದು. ಏಳು ವಾರ ಹಿಡೀತು."

ಬಾಬು ಬುಟ್ಟಿಯನ್ನು ಕೆಳಗಿಟ್ಟ. ಮಂಗಲಾಳನ್ನು ಹಿತ್ತಲಿಗೆ ಕರೆದು ತಗ್ಗಿದ ದನಿಯಲ್ಲಿ, "ಏಳು ವಾರದಿಂದ ಸೀರೆ ಕಟ್ಟಿ ಮುಚ್ಚಿಟ್ಟಿದ್ನಾ? ನಮ್ಮತ್ರ ಒಂದು ಮಾತು ಹೇಳೂಕಾಗ್ಲಿಲ್ವಾ ತಂಗಿ?" ಎಂದ. ಮಂಗಲಾ ಸತ್ಯ ಹೇಳಿದಳು. ಗಂಡನ ಮರ್ಯಾದೆ ಕಾಯುವ ಹೆಂಗಸು ಹೀಗೇ ಹೇಳುತ್ತಾಳೆ ಎಂದು ಬಾಬುವಿಗೆ ಖಾತ್ರಿಯಾಯಿತು.

ಒಂದು ತಾಸಿನಲ್ಲಿ ಬಾಬು ಮತ್ತು ಮೂವರು ದೋಣಿಯ ಕಂಬಗಳನ್ನು ಹೊತ್ತು ತಂದು ಗೋಡೆಗೆ ಆಸರೆ ಕೊಟ್ಟರು. "ಬಣ್ಣ ಕೆರೀಬೇಡಿ, ಕಂಬಕ್ಕೆ ಬಟ್ಟೆ ಸುತ್ತಿ," ಎಂದು ಭಾಸ್ಕರ ಸುತ್ತ ಓಡಾಡಿದ. ಅವರು ಪ್ರೀತಿಯಿಂದ ಬಟ್ಟೆ ಸುತ್ತಿದರು. ಗೋಡೆ ಗಟ್ಟಿಯಿದೆಯೆಂದು ತೋರಿಸಲು ಅವನು ಮುಷ್ಟಿಯಿಂದ ಗುದ್ದಲು ಹೋದಾಗ ಇಬ್ಬರು ಹಿಡಿದು ಎಳೆದುಕೊಂಡು ಬಂದರು. ಸಂಜೆಯ ಹೊತ್ತಿಗೆ ಅಕ್ಕಿ ಬಂತು, ಕಂಬಳಿ ಬಂತು, ಯಾರದೋ ಮನೆಯ ಬಂಗಡೆ ಸಾರು ಬಂತು. ದೇವಿಯನ್ನು ಬಾಬುವಿನ ಮನೆಗೆ ಸಾಗಿಸಿದರು. ಅಲ್ಲಿ ಅವಳಿಗೆ ಫ್ಯಾನಿನ ಕೆಳಗೆ ಹಾಸಿಗೆ ಸಿಕ್ಕಿತು. ಗೋಡೆಯ ಬಗ್ಗೆ ಕೇಳಿದವರಿಗೆಲ್ಲ ಅವಳು ಕಣ್ಣು ಒರೆಸಿಕೊಂಡು, "ಎಂತಾ ಹೇಳೂದು, ಎಲ್ಲ ನನ್ ಮಗಂದೇ ಕೈವಾಡ," ಎನ್ನುತ್ತಿದ್ದಳು. ಪಾಪ, ಮುದುಕಿಗೂ ತಲೆ ಕೆಟ್ಟಿದೆ ಎಂದುಕೊಂಡರು ಜನ.

ಮರುದಿನ ಜಯಶ್ರೀ ಬಂದಳು. ಅವಳು ಗ್ರಾಮ ಆಡಳಿತಾಧಿಕಾರಿ. ಊರವರಿಗೆ ಇನ್ನೂ ತಲಾಟಿಬಾಯಿ. ಆ ವರ್ಷದ ಮಳೆಯಲ್ಲಿ ಹಾಳಾದ ಮನೆಗಳ ಪಟ್ಟಿ ಮಾಡುತ್ತಿದ್ದಳು, ಆಗಲೇ ಹನ್ನೊಂದು ಮನೆ ಆಗಿತ್ತು. ಫೋನಿನಲ್ಲಿ ಗೋಡೆಯ ಚಿತ್ರ ತೆಗೆದು, ಭಾಸ್ಕರನ ಹೆಸರು ಬರೆದುಕೊಂಡಳು.

"ಮೇಡಂ, ಇದು ಡೆಕೋರೇಷನ್ನು. ಗೋಂದು ಹಚ್ಚಿದ್ರೆ ಬಣ್ಣ ಒಡೀತದೆ. ಈ ನೀರಿನ ಕಲೆ ಚಹಾ."

ಏನೂ ಆಗದ ಮನೆಯವರು ಅರ್ಜಿ ಹಿಡಿದು ಹಿಂದೆ ಬೀಳುವುದನ್ನು ಜಯಶ್ರೀ ಕಂಡಿದ್ದಳು. ಬೀಳುವ ಮನೆಯೊಳಗೆ ನಿಂತು ಬೇಡವೆನ್ನುವ ಸ್ವಾಭಿಮಾನಿಯನ್ನು ಕಂಡಿರಲಿಲ್ಲ. "ನೀವು ಸರ್ಕಾರಿ ನೌಕರರು, ಕೈಚಾಚಲು ಸಂಕೋಚ ಇರ್ತದೆ. ನನಗೆ ಅರ್ಥ ಆಗ್ತದೆ," ಎಂದು ಹೇಳಿ, ಜೀಪಿನಿಂದ ಒಂದು ನೀಲಿ ತಾಡಪಾಲು ಇಳಿಸಿ ಕೊಟ್ಟು ಹೋದಳು.

ಮೂರನೆಯ ದಿನ ಪಟ್ಟಿಯ ಮನೆಗಳನ್ನು ಪರೀಕ್ಷಿಸುವ ಸರ್ಕಾರಿ ಇಂಜಿನಿಯರ್ ಶಿವಾನಂದ ಬಂದರು. ಗೋಡೆಯಿಂದ ಹನ್ನೆರಡು ಅಡಿ ದೂರದಲ್ಲಿ ನಿಂತು, ತಲೆಯನ್ನು ಎಡಕ್ಕೂ ಬಲಕ್ಕೂ ಓರೆ ಮಾಡಿ ಪರೀಕ್ಷಿಸಿದರು. ಹತ್ತಿರ ಹೋಗುವುದು ನಿಯಮಕ್ಕೆ ವಿರುದ್ಧ ಎಂದರು.

"ಸಾರ್, ಒಂದ್ ಸಲ ಮುಟ್ಟಿ ನೋಡಿ."

"ಮುಟ್ಟಬಾರದ್ದನ್ನು ಮುಟ್ಟೋಕೆ ಹೇಳಬೇಡಿ. ಈ ಓರೆ ಬಿರುಕು ನೋಡಿದಿರಾ? ಅಡಿಪಾಯ ಕೂತಿದೆ. ಇವತ್ತೇ ಖಾಲಿ ಮಾಡಿ."

ಅವರ ಸಹಾಯಕ 'ವಾಸಕ್ಕೆ ಯೋಗ್ಯವಲ್ಲ' ಎಂಬ ನೋಟೀಸನ್ನೂ ಮೈದಾಹಿಟ್ಟಿನ ಅಂಟನ್ನೂ ಹಿಡಿದು ಮುಂದೆ ಬಂದ. ಭಾಸ್ಕರ ಎರಡೂ ಕೈ ಅಗಲಿಸಿ ಅಡ್ಡ ನಿಂತ.

"ಗೋಡೆಗೆ ಅಂಟಿಸ್ಬೇಡಿ ಸಾರ್. ಟೆಕ್ಸ್ಚರ್ ಹಾಳಾಗ್ತದೆ. ನನ್ನ ಬೆನ್ನಿಗೆ ಅಂಟ್ಸಿ ಬೇಕಾದ್ರೆ."

ಶಿವಾನಂದ ಬಾಬುವಿನ ಕಡೆ ತಿರುಗಿ, "ಇವರಿಗೆ ಆಘಾತ ಆಗಿದೆ, ಒಬ್ಬರನ್ನೇ ಬಿಡಬೇಡಿ," ಎಂದರು. ನೋಟೀಸು ಕೊನೆಗೆ ಬಾಗಿಲಿಗೆ ಅಂಟಿತು.

ಸುದ್ದಿ ಕಾರವಾರದ ಕಚೇರಿಗೆ ಅವನಿಗಿಂತ ಮೊದಲೇ ತಲುಪಿತ್ತು. ಇಪ್ಪತ್ತು ವರ್ಷದಲ್ಲಿ ಅವನ ಹೆಸರು ಹಿಡಿದು ಮಾತಾಡಿಸದಿದ್ದ ಸಾಹೇಬರು ಕುರ್ಚಿ ತೋರಿಸಿ ಕೂರಿಸಿ, ಧೈರ್ಯ ಹೇಳಿ, ಕೇಳದಿದ್ದರೂ ಹತ್ತು ದಿನ ರಜೆ ಕೊಟ್ಟರು. ಅವನು ಹೆರಿಟೇಜ್ ಎಂದು ಶುರುಮಾಡಿದಾಗ, "ಈಗ ಅದನ್ನೆಲ್ಲ ನೆನೆಸಿಕೋಬೇಡಿ," ಎಂದರು.

ಆದರೂ ಭಾಸ್ಕರ ಎದೆಗುಂದಲಿಲ್ಲ. ಈ ಲೋಕದಲ್ಲಿ ಆ ಗೋಡೆಯ ಬೆಲೆ ತಿಳಿಯಬಲ್ಲ ಮನುಷ್ಯ ಒಬ್ಬನಿದ್ದ. ಅವನು ಬಂದರೆ ಸಾಕು.

ರೋಷನ ಮರುದಿನವೇ ಕಾರಿನಲ್ಲಿ ಬಂದ. ಜೊತೆಗೆ ಪ್ರಗತಿ, ಹಿಂದಿನ ಸೀಟಿನಲ್ಲಿ ಮೂರು ಗಂಟು ಹಳೆ ಚಾದರ. ಭಾಸ್ಕರ ಅಂಗಳದಲ್ಲಿ ನಿಂತು ಕೈಯನ್ನು ಗೋಡೆಯ ಕಡೆ ಚಾಚಿದ. ರೋಷನ ನೋಡಿದ. ತುಂಬಾ ಹೊತ್ತು ನೋಡಿದ.

"ಭಾವ," ಎಂದ ರೋಷನ, ಅವನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಮನೆ ಊಟದ ದಿನ ಪ್ಲಾಸ್ಟರ್ ಸುದ್ದಿ ತೆಗ್ದಿದ್ರಿ. ಆಗ್ಲೇ ನಿಮ್ಮನೆ ಗೋಡೆ ಹಿಂಗಿತ್ತಾ? ನಾವು ನಕ್ಕುಬಿಟ್ವಲ್ಲ." ಪ್ರಗತಿ ಅಕ್ಕನನ್ನು ತಬ್ಬಿಕೊಂಡು ಅತ್ತಳು. "ನಮ್ಮನೇಲೇ ಇರಿ ಭಾವ. ಚೌತಿನೂ ಅಲ್ಲೇ ಮಾಡೂನು."

ಆ ಹೊತ್ತಿಗೆ ಭಾಸ್ಕರನ ಮುಖ ನೋಡಿದ ಮಂಗಲಾ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಜಗಲಿಯ ಮೆಟ್ಟಿಲು ಹತ್ತಿ ನಿಂತು, ನೆರೆದ ಊರಿಗೆಲ್ಲ ಕೇಳುವಂತೆ ಹೇಳಿದ.

"ನಂಗೆ ಒಂದು ಗಟ್ಟಿ ಗೋಡೆ ಕೊಡಿ. ಹೊಸದು. ನಿಮ್ಮೆಲ್ಲರ ಎದುರು ಅದನ್ನ ಹಾಳು ಮಾಡಿ ತೋರಸ್ತೆ. ತಲಾಟಿಬಾಯಿನೂ ಬರ್ಲಿ, ಇಂಜಿನಿಯರೂ ಬರ್ಲಿ."

ಯಾರೂ ಗೋಡೆ ಕೊಡಲು ಮುಂದೆ ಬರಲಿಲ್ಲ. ಕೊನೆಗೆ ಬಾಬು ನಿಟ್ಟುಸಿರು ಬಿಟ್ಟು, ಮೇ ತಿಂಗಳಲ್ಲಿ ಕಟ್ಟಿಸಿದ ತನ್ನ ಹೊಸ ಕಂಪೌಂಡನ್ನು ಒಪ್ಪಿಸಿದ. ಕಾಯಿಲೆಯವರು ಕೇಳಿದ್ದನ್ನು ಇಲ್ಲವೆನ್ನಬಾರದು ಎಂಬ ಭಾವ ಅವನ ಮುಖದಲ್ಲಿತ್ತು.

ಭಾನುವಾರ ಬೆಳಿಗ್ಗೆ ಜಯಶ್ರೀ ಕೊಟ್ಟ ತಾಡಪಾಲನ್ನೇ ಮೇಲೆ ಕಟ್ಟಿ ಕೆಲಸ ಶುರುವಾಯಿತು. ಕೇಣಿಯ ಅರ್ಧ ಜನ ಕೊಡೆ ಹಿಡಿದು ಸುತ್ತ ನಿಂತರು. ಶಿವಾನಂದ ಕೂಡ ಬಂದು, ವಾಡಿಕೆಯಂತೆ ಹನ್ನೆರಡು ಅಡಿ ದೂರದಲ್ಲಿ ಕುರ್ಚಿ ಹಾಕಿಸಿಕೊಂಡರು. ಭಾಸ್ಕರ ಎಲ್ಲವನ್ನೂ ಬಾಯಲ್ಲಿ ಹೇಳುತ್ತ ಮಾಡಿದ. ಅಡಿಬಣ್ಣ, ಫ್ಯಾನು, ಗೋಂದು. "ಈಗ ಕಾಯ್ಬೇಕು," ಎಂದ. ಊರು ಕಾದಿತು. "ಈಗ ಮೇಲಿನ ಬಣ್ಣ. ಒಂದೇ ಸಲ ಎಳೀಬೇಕು, ಎರಡನೇ ಸಲ ಕುಂಚ ತಾಗಿಸ್ಬಾರ್ದು. ಮತ್ತೆ ಕಾಯ್ಬೇಕು."

ಇಪ್ಪತ್ತು ನಿಮಿಷಕ್ಕೆ ಬಾಬುವಿನ ಹೊಸ ಕಂಪೌಂಡಿನ ಮೇಲೆ ಮೊದಲ ಬಿರುಕು ಮೂಡಿತು. ಆಮೇಲೆ ಗೆರೆ ಗೆರೆಯಾಗಿ ಇಡೀ ಗೋಡೆ ಒಡೆಯಿತು. ಬಾಬುವಿನ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾಸ್ಕರ ಓರೆ ಬಿರುಕೊಂದನ್ನು ಬರೆದು, ಅಂಚಿಗೆ ನೆರಳು ಕೊಟ್ಟು, ಹಿಂದೆ ಸರಿದು ನಿಂತ.

ಶಿವಾನಂದ ಕುರ್ಚಿಯಿಂದ ಎದ್ದು, ಸೇವೆಯಲ್ಲಿ ಮೊದಲ ಬಾರಿಗೆ ಹನ್ನೆರಡು ಅಡಿಯನ್ನು ದಾಟಿ, ಗೋಡೆಯನ್ನು ಬೆರಳಿಂದ ಒತ್ತಿದರು. ಆಮೇಲೆ ಭಾಸ್ಕರನ ಜಗಲಿಗೆ ಹೋಗಿ ಅದನ್ನೂ ಒತ್ತಿದರು. ಬಾಗಿಲಿನ ನೋಟೀಸನ್ನು ಉಗುರಿನಿಂದ ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡರು.

"ಭಾವ," ಎಂದ ರೋಷನ, ದನಿಯೇ ಬದಲಾಗಿ. "ನಮ್ಮ ಬೆಡ್‌ರೂಮಲ್ಲಿ ಒಂದು ಗೋಡೆ ಖಾಲಿ ಅದೆ."

"ಚೌತಿ ಆದ್ಮೇಲೆ ನೋಡೂನು," ಎಂದ ಭಾಸ್ಕರ, ಸಾಹೇಬರ ಹಾಗೆ.

ಗೆದ್ದವನ ನಿದ್ದೆ ಅವನಿಗೆ ಎರಡು ದಿನ ಬಂತು. ಮೂರನೆಯ ದಿನ, ಉಳಿದ ರಜೆ ಬೇಡವೆಂದು ಕಚೇರಿಗೆ ಹೊರಟವನಿಗೆ ಜಯಶ್ರೀ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಅವಳ ಮುಖ ಬಾಡಿತ್ತು.

"ನಿಮ್ಮ ಗೋಡೆ ನೋಡಿದ ಮೇಲೆ ಇಂಜಿನಿಯರ್ ಸಾಹೇಬರಿಗೆ ಯಾವ ಗೋಡೆಯ ಮೇಲೂ ನಂಬಿಕೆ ಇಲ್ಲ," ಎಂದಳು. "ಒದ್ದೆ ಬಟ್ಟೆ, ಮೊಳೆ ಹಿಡಿದು ಹನ್ನೊಂದೂ ಮನೆಗೆ ಮತ್ತೆ ಹೋದ್ರು. ಹತ್ತು ಮನೆಯ ಮಾಡೇ ಹಾರಿಹೋಗಿದೆ, ಅವು ಪಾಸಾದವು. ಹುಲಿಯಾನ ಹೆಸರು ಮಾತ್ರ ಪಟ್ಟಿಯಿಂದ ಹೊಡೆದು ಹಾಕಿದ್ರು."

"ಯಾಕೆ?"

"ಬಿರುಕು ನಿಮ್ಮ ಗೋಡೆಯದ್ದೇ ತರ ಇದೆ. ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನ ಕಂಡವರು ಮೊಳೆ ಚುಚ್ಚಿ ನೋಡಲೇ ಇಲ್ಲ. ಭಾಸ್ಕರ ಬಂದಿದ್ನಾ ಇಲ್ಲಿ ಅಂತ ಕೇಳಿದ್ರು. ಗಂಗಿ, ಹೌದು ಬಂದಿದ್ದ, ಬಹಳ ಹೊತ್ತು ನಿಂತಿದ್ದ, ಚಂದ ಅದೆ ಅಂತ ಹೇಳಿ ಹೋದ ಅಂದಳು."

ಕಾರವಾರದ ಬಸ್ಸು ಬಂತು. ಭಾಸ್ಕರ ಹತ್ತಲಿಲ್ಲ. ಏಳು ವಾರ ಆ ಬಿರುಕಿನ ಫೋಟೋ ನೋಡಿದ್ದ. ಅದರ ಪ್ರತಿ ತಿರುವು ಅವನಿಗೆ ಬಾಯಿಪಾಠ. ಆ ಗೋಡೆಯ ಹಿಂದೆ ಇಬ್ಬರು ಮಲಗುತ್ತಾರೆ ಎಂಬುದು ಮಾತ್ರ ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ನೇರವಾಗಿ ಶಿವಾನಂದರ ಕಚೇರಿಗೆ ಹೋದ.

"ಸಾರ್, ಆ ಬಿರುಕು ನಿಜವಾದದ್ದು. ನಾ ಅದನ್ನ ನೋಡಿ ನಕಲು ಮಾಡದ್ದು."

"ನೀವೇ ಊರೆದುರು ತೋರಿಸಿಕೊಟ್ಟಿರಿ, ಕಂಡದ್ದೆಲ್ಲ ಬಿರುಕಲ್ಲ ಅಂತ," ಎಂದರು ಶಿವಾನಂದ. "ಒಮ್ಮೆ ಮೋಸಹೋದೆ. ಇನ್ನು ಆಗೋದಿಲ್ಲ."

"ಬಂದು ನೋಡಿ."

"ನೋಡಿ ಬಂದಿದ್ದೇನೆ. ನಿಮ್ಮ ಕೈಕೆಲಸ ಚೆನ್ನಾಗಿದೆ. ಹೋಗಿ ಬನ್ನಿ."

ಭಾಸ್ಕರ ಹೋಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತ. ಹನ್ನೊಂದಾಯಿತು, ಒಂದಾಯಿತು. ಶಿವಾನಂದ ಊಟಕ್ಕೆ ಹೋಗುವಾಗ ಇವನು ಎದ್ದು ನಮಸ್ಕಾರ ಮಾಡಿದ. ಬರುವಾಗ ಮತ್ತೆ ಎದ್ದು ಮಾಡಿದ. ಚಹಾಕ್ಕೆ ಹೋಗಿ ಬರುವಾಗಲೂ ಮಾಡಿದ. ಮರುದಿನ ಬಾಗಿಲು ತೆಗೆಯುವ ಮೊದಲೇ ಬಂದು ಅದೇ ಬೆಂಚಿನಲ್ಲಿದ್ದ. ಕಚೇರಿಗೆ ಬಂದವರು ಅವನನ್ನೇ ಯಾವ ಕೋಣೆ, ಯಾವ ಸಾಹೇಬರು ಎಂದು ವಿಚಾರಿಸತೊಡಗಿದರು, ಅವನೂ ಹೇಳತೊಡಗಿದ. ಮೂರನೆಯ ದಿನ ಮಧ್ಯಾಹ್ನ, ಏಳನೆಯ ನಮಸ್ಕಾರಕ್ಕೆ, ಶಿವಾನಂದ ಕೊಡೆ ಎತ್ತಿಕೊಂಡರು.

"ನಡೀರಿ. ಐದು ನಿಮಿಷ. ಅಷ್ಟೇ."

ಜಯಶ್ರೀಯೂ ಜೊತೆಗೆ ಬಂದಳು. ಗದ್ದೆಯ ಅಂಚಿಗೆ ಸಣ್ಣ ಮಳೆ ಹನಿಯುತ್ತಿತ್ತು. ಹುಲಿಯಾ ಕೊಟ್ಟಿಗೆಯ ಪಕ್ಕ ತೆಂಗಿನ ಮಡಲು ಹೆಣೆಯುತ್ತಿದ್ದವನು ಎದ್ದು ನಿಂತ. ಫೋಟೋ ತೆಗೆದ ದಿನಕ್ಕಿಂತ ಬಿರುಕು ಅಗಲವಾಗಿದ್ದದ್ದು ಭಾಸ್ಕರನಿಗೆ ನೋಡಿದ ಕೂಡಲೇ ತಿಳಿಯಿತು.

"ಸಾರ್, ಗೋಂದಿನ ಬಿರುಕು ಮೇಲಿನ ಬಣ್ಣದಲ್ಲಿ ಮಾತ್ರ ಇರ್ತದೆ. ಎಲ್ಲ ಕಡೆ ಒಂದೇ ಅಳತೆ. ಇದು ನೋಡಿ, ಮೇಲೆ ಕೂದಲೆಳೆ, ಕೆಳಗೆ ನಾಲ್ಕು ಬೆರಳು. ನಾ ಕೊಟ್ಟ ನೆರಳು ಹೊತ್ತು ತಿರುಗಿದ್ರೂ ತಿರುಗೂದಿಲ್ಲ. ಇದ್ರ ನೆರಳು ತಿರುಗ್ತದೆ. ಇದ್ರಲ್ಲಿ ಇರುವೆ ಹೋಗಿ ಬರ್ತದೆ. ನನ್ನ ಗೋಡೆಗೆ ಒಂದು ಇರುವೆ ಬರ್ಲಿಲ್ಲ."

ಶಿವಾನಂದ ಒಂದು ಹೆಜ್ಜೆ ಹತ್ತಿರ ಬಂದು ಕನ್ನಡಕ ಒರೆಸಿ ನೋಡಿದರು. "ಕೊರೆದು, ಕಪ್ಪು ತುಂಬಿರಬಹುದಲ್ಲ? ನಿಮ್ಮದೂ ದೂರದಿಂದ ಹೀಗೇ ಆಳ ಕಾಣ್ತಿತ್ತು."

ಭಾಸ್ಕರ ಅಂಗಿಯ ತೋಳನ್ನು ಭುಜದವರೆಗೆ ಮಡಚಿದ. ಬಿರುಕಿನ ಅಗಲವಾದ ಜಾಗ ನೋಡಿ ಬೆರಳು ತೂರಿಸಿದ, ಮಣಿಕಟ್ಟು ಹೋಯಿತು, ಮೊಣಕೈ ದಾಟಿ ಭುಜದವರೆಗೂ ಹೋಯಿತು. ಕೆನ್ನೆ ಗೋಡೆಗೆ ತಾಗಿತು. ಅಲ್ಲಿಗೆ ಅವನು ಒಮ್ಮೆಲೇ ಸ್ಥಿರವಾಗಿ ನಿಂತುಬಿಟ್ಟ.

"ಏನಾಯ್ತು?" ಎಂದರು ಶಿವಾನಂದ, ಹಿಂದೆ ಸರಿದು.

"ಯಾರೋ ಕೈ ಹಿಡಕಂಡ್ರು ಸಾರ್."

ಒಳಗಿನಿಂದ ಗಂಗಿಯ ದನಿ ಬಂತು. "ಯಾರದು? ಬಾಗ್ಲು ತೆಗ್ದೇ ಅದ್ಯಲ್ಲ, ಬಾಗ್ಲಲ್ಲಿ ಬರೂಕೆ ಎಂತಾ ಆಗದೆ?"

"ನಾನು ಗಂಗಿಯಕ್ಕಾ, ಭಾಸ್ಕರ. ಇಂಜಿನಿಯರ್ ಸಾಯೇಬ್ರು ಬಂದಿದ್ರು."

ಒಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಭಾಸ್ಕರ ಮೆಲ್ಲಗೆ ಕೈಯನ್ನು ಹೊರಗೆಳೆದ. ತೋಳಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಒಂದು ತುಂಡು ಬೆಲ್ಲ.

ಜಯಶ್ರೀ ಮುಖ ಆಚೆ ತಿರುಗಿಸಿದಳು. ಶಿವಾನಂದ ಬೆಲ್ಲವನ್ನು ನೋಡಿದರು, ಗೋಡೆಯನ್ನು ನೋಡಿದರು. ಕೊಡೆಯನ್ನು ಹುಲಿಯಾನ ಕೈಗೆ ಕೊಟ್ಟು, ಮೊಣಕಾಲೂರಿ ಬಗ್ಗಿ, ಬಿರುಕಿಗೆ ಕಣ್ಣಿಟ್ಟರು. ಆಚೆಯಿಂದ ಇನ್ನೊಂದು ಕಣ್ಣು ಅವರನ್ನೇ ನೋಡುತ್ತಿತ್ತು.

ಅವರು ಎದ್ದು, ಜಯಶ್ರೀಯ ಕೈಯಿಂದ ಪಟ್ಟಿ ತೆಗೆದುಕೊಂಡು, ಹನಿಯುವ ಮಳೆಯಲ್ಲೇ ಹುಲಿಯಾ ಗೌಡನ ಹೆಸರನ್ನು ಮತ್ತೆ ಬರೆದರು. ಎದುರಿಗೆ 'ಬಿರುಕು ನಿಜ, ಖುದ್ದು ಪರಿಶೀಲಿಸಿದೆ' ಎಂದು ಸೇರಿಸಿ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಬಿರುಕಿನಿಂದ ಇನ್ನೊಂದು ತುಂಡು ಬೆಲ್ಲ ಹಿಡಿದ ಎರಡು ಬೆರಳು ಹೊರಬಂದವು.

"ಇದು ಸಾಯೇಬ್ರಿಗೆ," ಎಂದಳು ಗಂಗಿ ಒಳಗಿನಿಂದ. "ನೀರು ಕುಡೂಕೆ ಮಾತ್ರ ಬಾಗ್ಲಿಗೇ ಬರ್ಬೇಕು. ಇದ್ರಲ್ಲಿ ತಂಬಿಗೆ ಹಿಡೂದಿಲ್ಲ."